ಪಾಸ್ ಏನು ತಿಂದ

ಫೆಬ್ರವರಿ 4, ಬೆಳಗ್ಗೆ

ಪಾಸ್ ಇವತ್ತೂ ತಟ್ಟೆ ಮೂಸಿದ, ನನ್ನ ಮುಖ ನೋಡಿದ, ಹೋಗಿ ಅಕ್ಕನ ಮಂಚದ ಕೆಳಗೆ ಮಲಗಿದ. ಮೂಲೆ ಅಂಗಡಿಯಿಂದ ತಂದ ಕೆಂಪು-ಹಸಿರು ಉಂಡೆ ಹಾಗೇ ಬಿದ್ದಿದೆ. ಇರುವೆ ಕೂಡ ಹತ್ತಿಲ್ಲ. "ಇರುವೆಗೇ ಬೇಡವಾದದ್ದು ನಾಯಿಗೆ ಬೇಕೇನ್ರೀ?" ಅಂದಳು ಹೆಂಡತಿ.

ಸರಿ. ಒಳ್ಳೇದು ಯಾವುದಾದರೂ ಹುಡುಕಬೇಕು.

ಅಕ್ಕ ನಮ್ಮನೆಗೆ ಬಂದು ವಾರ ಆಯ್ತು. ಜೊತೆಗೆ ಒಂದು ಸೂಟ್‌ಕೇಸು, ಔಷಧಿ ಚೀಲ, ಈ ನಾಯಿ. ಅವಳು ಬಸ್ ಕಂಡಕ್ಟರಾಗಿದ್ದಾಗ ಒಂದಿನ ಹಿಂದಿನ ಬಾಗಿಲಲ್ಲಿ ಹತ್ತಿ ಕೊನೇ ಸ್ಟಾಪಿನವರೆಗೂ ಇಳಿಯದೆ ಕೂತ ಮರಿ. ಟಿಕೆಟ್ ಕೇಳಿದರೆ ಬಾಲ ಅಲ್ಲಾಡಿಸಿತಂತೆ. "ಪಾಸ್ ಇರಬೇಕು ಬಿಡಮ್ಮ" ಅಂದನಂತೆ ಡ್ರೈವರ್. ಹೆಸರು ಅದೇ ಆಯ್ತು. ಈಗ ಮುದುಕ. ಮೂತಿಯೆಲ್ಲ ಬೆಳ್ಳಗೆ.

ಅಕ್ಕ ಅರ್ಧ ಲೋಟ ಹಾಲು ಕುಡಿದಳು. ಅಷ್ಟೇ. ಹೊಟ್ಟೆಯೊಳಗಿರೋ ಗಡ್ಡೆ ಜಾಗ ಬಿಡ್ತಿಲ್ಲ. ಆಪರೇಷನ್ ಆಗಲ್ಲ ಅಂದಿದ್ದಾರೆ. ಡ್ರಿಪ್ಪಿನಲ್ಲಿ ಔಷಧಿ ಕೊಡ್ತಾರೆ, ಸುತ್ತು ಸುತ್ತಾಗಿ.

ಲ್ಯಾಬಿಗೆ ಹೊತ್ತಾಯ್ತು.

ಫೆಬ್ರವರಿ 4, ಸಂಜೆ

ಕಟ್ಟುಹಲ್ಲಿನ ಎರಡು ಫುಲ್ ಸೆಟ್ಟು ಮುಗಿಸಿದೆ. ಮೇಣದಲ್ಲಿ ಹಲ್ಲು ಕೂರಿಸ್ತಾ ಕೂತರೆ ತಲೆಗೆ ಬೇರೇನೂ ಬರಲ್ಲ, ಅದೊಂದು ಪುಣ್ಯ. ಇಡೀ ದಿನ ಯಾರ್ಯಾರದೋ ಬಾಯಿ ನನ್ನ ಮೇಜಿನ ಮೇಲೆ. ಮುಖ ಒಬ್ಬರದ್ದೂ ನೋಡಿದ್ದಿಲ್ಲ.

ಬರುವಾಗ ಸೇತುವೆ ಪಕ್ಕದ ಪೆಟ್ ಶಾಪಿಗೆ ಹೋದೆ. ಗೋಡೆ ತುಂಬ ಚೀಲ. ಒಂದೊಂದರ ಮೇಲೂ ಒಂದೊಂದು ನಾಯಿ ನಗ್ತಾ ಇದೆ. ಅಂಗಡಿಯಾಕೆ ಗಟ್ಟಿಗಿತ್ತಿ. ಪೊಲೀಸರ ಥರ ವಿಚಾರಣೆ.

"ವಯಸ್ಸು?"

"ಆಗಿದೆ... ತುಂಬಾನೇ ಆಗಿದೆ."

"ಹಲ್ಲು ಹೇಗಿವೆ?"

ದಿನಾ ಹಲ್ಲಿನಲ್ಲೇ ಮುಳುಗಿರೋನು ನಾನು. ಉತ್ತರ ಗೊತ್ತಿಲ್ಲ!

ಆಕೆ ನಾಲ್ಕಾರು ಸ್ಯಾಂಪಲ್ ಪೊಟ್ಟಣ ಕೈಗೆ ಹಾಕಿದಳು. "ಮುಂದುಗಡೆ ನೋಡ್ಬೇಡಿ ಸಾರ್, ಬರೀ ಫೋಟೋ. ಹಿಂದೆ ತಿರುಗಿಸಿ ಓದಿ, ಆಮೇಲೆ ಬನ್ನಿ."

ಫೆಬ್ರವರಿ 6

ಇವತ್ತು ಒಂದು ಸಂತೋಷ. ಬರೆದಿಡಬೇಕು.

ಅಕ್ಕ ಎದ್ದು ಕೂತಳು. ತಾನಾಗೇ. ಕನ್ನಡಕ ಕೇಳಿದಳು. ಪೊಟ್ಟಣಗಳನ್ನೆಲ್ಲ ಹಾಸಿಗೆ ಮೇಲೆ ಹರಡ್ಕೊಂಡು ಒಂದೊಂದೇ ತಿರುಗಿಸಿ ಓದೋಕೆ ಶುರು. ಕೊಟ್ಟ ಟಿಕೆಟ್ ಚೆಕ್ ಮಾಡೋ ಹಾಗೆ, ದೂರ ಹಿಡಿದು, ಒಂದು ಕಣ್ಣು ಸಣ್ಣಗೆ ಮಾಡಿ.

"ಜಾಸ್ತಿ ಯಾವುದಿದೆಯೋ ಅದರ ಹೆಸರೇ ಮೊದಲು ಬರೀತಾರಂತೆ. ಇದರಲ್ಲಿ ನೋಡು — ಜೋಳ. ಆಮೇಲೆ ಜೋಳದ ಹೊಟ್ಟು. ಕೋಳಿ ಎಲ್ಲೋ ಹಿಂದಿನ ಫುಟ್‌ಬೋರ್ಡ್ ಮೇಲೆ ನೇತಾಡ್ತಿದೆ."

"ಇದು?"

"'ಮಾಂಸದ ಉತ್ಪನ್ನಗಳು.' ಯಾವ ಮಾಂಸವೋ? ಹೆಸರು ಹೇಳೋಕೆ ನಾಚಿಕೆ ಪಡೋನನ್ನ ನಾನು ಬಸ್ ಹತ್ತಿಸಲ್ಲ. ಇಳಿಸು."

ಬಣ್ಣ ಹಾಕಿದ್ದೂ ಇಳೀತು. "ಬಣ್ಣ ಯಾರು ನೋಡೋಕೆ? ತಿನ್ನೋನಾ, ಕೊಳ್ಳೋನಾ?"

ನಗು ಬಂತು. ಹೆಂಡತಿಯೂ ಬಾಗಿಲಲ್ಲಿ ನಿಂತು ನಕ್ಕಳು. ಕಡೆಗೆ ಉಳಿದದ್ದು ಒಂದು. ಮಣ್ಣು ಬಣ್ಣದ, ನೋಡೋಕೆ ಏನೇನೂ ಚೆನ್ನಾಗಿರದ ಉಂಡೆ. ಮೊದಲು ಕೋಳಿ, ಆಮೇಲೆ ಅಕ್ಕಿ, ಮೀನೆಣ್ಣೆ. ವಯಸ್ಸಾದ ನಾಯಿಗೆ ಅಂತಲೇ ಮಾಡಿದ್ದು.

ನಾನು ಪಾಸ್ ಬಾಯಿ ಬಿಡಿಸಿ ನೋಡಿದೆ. ಹಿಂದಿನ ದವಡೆ ಹಲ್ಲು ಸವೆದಿವೆ. ಎರಡು ಇಲ್ಲವೇ ಇಲ್ಲ. "ಬಿಸಿನೀರಲ್ಲಿ ನೆನೆಸಿ ಕೊಡು, ಅವನಿಗೊಂದು ಸೆಟ್ಟು ಮಾಡೋಕೆ ಹೋಗ್ಬೇಡ ಮತ್ತೆ" ಅಂದಳು ಅಕ್ಕ.

ಫೆಬ್ರವರಿ 9

ಹಳೇ ಉಂಡೆಗೆ ಹೊಸದು ಸ್ವಲ್ಪ ಸ್ವಲ್ಪ ಬೆರೆಸಿ ಕೊಡ್ತಿದ್ದೀನಿ. ಒಮ್ಮೆಲೇ ಬದಲಾಯಿಸಿದರೆ ಹೊಟ್ಟೆ ಕೆಡುತ್ತಂತೆ. ಹೊಸದನ್ನೇ ಆರಿಸಿ ಆರಿಸಿ ತಿಂದು ಹಳೇದನ್ನ ತಟ್ಟೆ ಅಂಚಿಗೆ ತಳ್ತಾನೆ, ಕಳ್ಳ.

ಆಸ್ಪತ್ರೆ. ಡಾಕ್ಟರು ನನ್ನೊಬ್ಬನನ್ನೇ ಕರೆದರು. "ತೂಕ ಇಳೀಬಾರದು. ಇಳಿದರೆ ಮುಂದಿನ ಸುತ್ತು ಔಷಧಿ ತಡ್ಕೊಳ್ಳೋಕೆ ಆಗಲ್ಲ. ಅವರಿಗೆ ಏನು ಸೇರುತ್ತೋ ಅದನ್ನ ಕೊಡಿ. ಶಕ್ತಿ ಇರೋದು ಕೊಡಿ."

ತಿನ್ನಿಸಬೇಕು. ಅದೊಂದು ನನ್ನ ಕೈಲಿದೆ.

ಫೆಬ್ರವರಿ 12

ಬೇಗ ಎದ್ದು ನಾನೇ ಮಾಡಿದೆ. ಬ್ರೆಡ್ ಅಂಚು ಕತ್ತರಿಸಿ, ಬೆಣ್ಣೆ ಸವರಿ, ಸಣ್ಣ ಚೌಕ. ಮೇಲೆ ಮೊಟ್ಟೆ. ಅಕ್ಕ "ಬೇಡ ಕಣೋ, ಹೋಗಲ್ಲ" ಅಂದಳು. ಸ್ವಲ್ಪ ಸ್ವಲ್ಪ ತಿನ್ನು, ಅವಸರವಿಲ್ಲ ಅಂತ ಇಟ್ಟು ಬಂದೆ. ಸಂಜೆ ನೋಡಿದರೆ ಮುಕ್ಕಾಲು ಹಾಗೇ.

ಬೆಣ್ಣೆ ಸಾಲಲಿಲ್ಲವೇನೋ. ಒಣಗಿದರೆ ಗಂಟಲಿಗೆ ಹಿಡಿಯುತ್ತೆ.

ಫೆಬ್ರವರಿ 17

ತಟ್ಟೆ ಖಾಲಿ!

ಬ್ರೆಡ್ಡು, ಮೊಟ್ಟೆ, ಕೆನೆ ಹಾಕಿದ ಸೂಪು — ಎಲ್ಲ. ಸೂಪಿನ ಬಟ್ಟಲು ನೆಕ್ಕಿದ ಹಾಗಿದೆ. "ರುಚಿಯಾಗಿತ್ತಾ?" ಅಂದರೆ "ಹ್ಞೂಂ" ಅಂದಳು. ಕಣ್ಣು ಮುಚ್ಚೇ ಇದ್ದಳು. ಸುಸ್ತಿರಬೇಕು.

ಪಾಸ್ ಈಗ ಪೂರ್ತಿ ಹೊಸ ಊಟಕ್ಕೆ ಬಂದ. ಇಬ್ಬರೂ ದಾರಿಗೆ ಬಂದರು.

ಫೆಬ್ರವರಿ 22

ದಿನಾ ಖಾಲಿ ತಟ್ಟೆ. ಲ್ಯಾಬಲ್ಲಿ ಓನರ್ ಕೇಳಿದರು — ಏನು, ಮುಖದಲ್ಲಿ ಕಳೆ ಬಂದಿದೆ? ಅಕ್ಕ ತಿಂತಿದ್ದಾಳೆ ಸಾರ್ ಅಂದೆ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿ, "ಅತ್ತಿಗೆಗೆ ಸ್ವಲ್ಪ ಕಮ್ಮಿ ಹಾಕಿ. ಅಷ್ಟೊಂದು ಬೇಡ ಅವರಿಗೆ" ಅಂದಳು. ರೇಗಿಬಿಟ್ಟಿತು. ನನ್ನಕ್ಕ ಎರಡು ತುತ್ತು ತಿನ್ನೋದೂ ನಿನ್ನ ಕಣ್ಣು ಕುಕ್ಕುತ್ತಾ ಅಂದೆ. ಅವಳು ಎದ್ದು ನೀರು ತರೋಕೆ ಹೋದಳು, ನೀರು ಮೇಜಿನ ಮೇಲೇ ಇತ್ತು.

ಮಾರ್ಚ್ 1

ತೂಕ ಇಳಿದಿದೆ. ಸ್ವಲ್ಪ ಅಲ್ಲ.

"ತಿಂತಿದ್ದಾರಾ?"

"ತಿಂತಿದ್ದಾಳೆ ಡಾಕ್ಟ್ರೇ. ತಟ್ಟೆ ಖಾಲಿ ಮಾಡ್ತಾಳೆ."

ಡಾಕ್ಟರು ಅಕ್ಕನ ಮುಖ ನೋಡಿದರು. ಅಕ್ಕ ಕಿಟಕಿ ನೋಡ್ತಿದ್ದಳು. ಈ ಸುತ್ತು ಮುಂದಕ್ಕೆ ಹಾಕೋಣ, ಎರಡು ವಾರ ನೋಡೋಣ ಅಂದರು.

ಎಲ್ಲಿಗೆ ಹೋಗ್ತಿದೆ ತಿಂದದ್ದು? ಎಲ್ಲ ಆ ಗಡ್ಡೆಯೇ ತಿಂತಿದೆಯಾ?

ಇನ್ನೂ ಹೆಚ್ಚು ಕೊಡಬೇಕು. ನಾಳೆಯಿಂದ ಹಾಲಿಗೆ ಮೊಟ್ಟೆ ಹಳದಿ.

ಮಾರ್ಚ್ 5

ಪಾಸ್ ವಾಂತಿ. ನಿನ್ನೆಯಿಂದ. ಬೆನ್ನು ಬಿಲ್ಲಿನ ಥರ ಬಗ್ಗಿಸ್ಕೊಂಡು ನಿಲ್ತಾನೆ. ಹೊಟ್ಟೆ ಮುಟ್ಟಿದರೆ ಗುರ್ ಅಂತಾನೆ — ಪಾಸ್, ಗುರ್ ಅನ್ನೋದು!

ಆ ಊಟದ ಚೀಲವೇ ಕೆಟ್ಟಿರಬೇಕು. ಎತ್ಕೊಂಡು ನೇರ ಅಂಗಡಿಗೆ. ಜೋರಾಗೇ ಮಾತಾಡಿದೆ. ಒಳ್ಳೇದು ಅಂತ ಹೇಳಿ ವಿಷ ಮಾರ್ತೀರಾ ಅಂದುಬಿಟ್ಟೆ. ಅಂಗಡಿಯಾಕೆ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿದಳು. ನನ್ನ ಮೂಗಿಗೂ ಹಿಡಿದಳು. ಮುಗ್ಗಲು ವಾಸನೆ ಇಲ್ಲ, ಏನಿಲ್ಲ. "ಚೀಲ ವಾಪಸ್ ತಗೋತೀನಿ ಸಾರ್. ಮೊದಲು ನಾಯಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ನನ್ನ ಜೊತೆ ಆಮೇಲೆ ಜಗಳ ಆಡಬಹುದು."

ಮನೆಗೆ ಬಂದರೆ ಅಕ್ಕ ಎದ್ದು ನೆಲದ ಮೇಲೆ ಕೂತಿದ್ದಾಳೆ. ಪಾಸ್ ತಲೆ ತೊಡೆ ಮೇಲೆ. ಮುಖ ಬಿಳಿಚಿಕೊಂಡಿದೆ. "ಆ ಊಟದ್ದೇನೂ ತಪ್ಪಿಲ್ಲ. ಅದನ್ನ ಬದಲಾಯಿಸಬೇಡ" ಅಂದಳು.

ನಿನಗೆ ಹೇಗೆ ಗೊತ್ತು ಅಂದೆ. ಕೈಯಿಂದಲೇ ಪಾಸ್ ಬಾಯಿ ಒರೆಸಿದಳು.

ಮಾರ್ಚ್ 6

ನಾಯಿ ಆಸ್ಪತ್ರೆ. ತಣ್ಣನೆ ಸ್ಟೀಲ್ ಟೇಬಲ್. ಪಾಸ್ ನಡುಗ್ತಿದ್ದ. ನಾಯಿ ಡಾಕ್ಟರು ಸಣ್ಣ ವಯಸ್ಸಿನಾಕೆ, ಮೆಲ್ಲಗೆ ಮಾತು. ಹೊಟ್ಟೆ ಒತ್ತಿ ನೋಡಿ, ರಕ್ತ ತೆಗೆದು, "ಜಿಡ್ಡು ಏನು ಕೊಡ್ತೀರಾ?" ಅಂದರು.

ಏನೂ ಇಲ್ಲ. ಬರೀ ಆ ಉಂಡೆ. ಅಕ್ಕನೇ ಲೇಬಲ್ ಓದಿ ಆರಿಸಿದ್ದು ಅಂತ ಹೆಮ್ಮೆಯಿಂದ ಹೇಳಿದೆ.

ಆಗಲೇ ಪಾಸ್ ಮತ್ತೆ ವಾಂತಿ ಮಾಡಿದ. ನನ್ನ ಷೂ ಮೇಲೆ.

ಬ್ರೆಡ್ಡು. ಅಂಚಿಲ್ಲದ ಬ್ರೆಡ್ಡಿನ ಚೌಕ, ಬೆಣ್ಣೆ ಸಮೇತ, ಹಾಗ್ಹಾಗೇ. ಹಲ್ಲಿನ ಗುರುತೇ ಇಲ್ಲ. ಮೊಟ್ಟೆ. ನಿನ್ನೆ ಬೆಳಗ್ಗೆ ನಾನೇ ಕತ್ತರಿಸಿದ್ದು. ಆ ಅಳತೆ ನನ್ನದು, ಕಣ್ಣು ಮುಚ್ಚಿ ಹೇಳಬಲ್ಲೆ.

ಡಾಕ್ಟರು ಏನೋ ಹೇಳ್ತಿದ್ದರು. ಜಿಡ್ಡು ಜಾಸ್ತಿಯಾಗಿ ಒಳಗೆ ಜೀರ್ಣದ ಗ್ರಂಥಿ ಊದಿದೆ, ವಯಸ್ಸಾದ ನಾಯಿ, ಡ್ರಿಪ್ ಹಾಕ್ತೀವಿ, ಇಲ್ಲೇ ಬಿಟ್ಟು ಹೋಗಿ. ಕೇಳಿಸ್ತಿತ್ತು, ತಲೆಗೆ ಹೋಗ್ತಿರಲಿಲ್ಲ. ಬಗ್ಗಿ ಆ ತುಂಡುಗಳನ್ನೇ ನೋಡ್ತಾ ನಿಂತಿದ್ದೆ. ಆಯಾ ಬಂದು ಒರೆಸಿದಳು.

ಹಾಗಾದರೆ ಅಕ್ಕ ಏನು ತಿಂದಳು?

ಇಷ್ಟು ದಿನ... ಏನು ತಿಂದಳು?

ಮಾರ್ಚ್ 6, ಸಂಜೆ

ಹೆಂಡತಿ ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರ್ ಕೆಲಸ ಮುಗಿಸಿ ಬರೋವರೆಗೂ ಮೆಟ್ಟಿಲ ಮೇಲೆ ಕೂತಿದ್ದೆ. ಒಳಗೆ ಹೋಗೋಕೆ ಆಗಲಿಲ್ಲ. ಅವಳ ಡ್ಯೂಟಿ ಮಧ್ಯಾಹ್ನದ ಮೇಲೆ. ಬೆಳಗ್ಗೆಯೆಲ್ಲ ಮನೇಲೇ ಇರೋಳು.

"ನಿನಗೆ ಗೊತ್ತಿತ್ತಾ?"

ಬ್ಯಾಗು ಕೂಡ ಇಳಿಸಲಿಲ್ಲ. "ಗೊತ್ತಿತ್ತು ರೀ."

"ಯಾವಾಗಿಂದ?"

"ಮೊದಲಿಂದ. ಅತ್ತಿಗೆ ನನ್ನ ಕೈ ಹಿಡ್ಕೊಂಡು ಆಣೆ ಹಾಕಿಸ್ಕೊಂಡ್ರು. ಅವನಿಗೆ ಹೇಳ್ಬೇಡ, ಅದೊಂದೇ ಅವನು ನಂಗೆ ಮಾಡ್ತಿರೋದು, ಅದನ್ನೂ ಕಿತ್ಕೋಬೇಡ ಅಂದ್ರು. ನಾನು ಏನು ಮಾಡ್ಲಿ?"

ಆಗ ನಾನು ಒಂದು ಮಾತು ಅಂದೆ. ನೀವಿಬ್ಬರೂ ಸೇರಿ ಅವಳನ್ನ ಉಪವಾಸ ಕೆಡವಿ ಸಾಯಿಸ್ತಿದ್ದೀರಿ ಅಂತ. "ಇಬ್ಬರೂ" ಅಂತ ಯಾರ್ಯಾರನ್ನ ಅಂದೆನೋ. ಅವಳನ್ನ, ಮತ್ತೆ ಆ ನಾಯಿಯನ್ನ ಇರಬೇಕು.

ಅವಳು ಅಳಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದಳು.

ಮಾರ್ಚ್ 7

ಅಕ್ಕನ ಹತ್ರ ಕೂತೆ. ಬೈಬೇಕು ಅಂತ ಹೋಗಿದ್ದೆ.

"ಪಾಸ್ ಬದುಕ್ತಾನಾ?" ಅಂತ ಅವಳೇ ಮೊದಲು.

"ಡ್ರಿಪ್ ಹಾಕಿದ್ದಾರೆ. ಹೇಳೋಕಾಗಲ್ಲ ಅಂದ್ರು."

ಅತ್ತಳು. ತನಗೆ ಕಾಯಿಲೆ ಅಂತ ಗೊತ್ತಾದ ದಿನ ಅಳಲಿಲ್ಲ ಇವಳು. ಆಸ್ಪತ್ರೆ ಕಾರಿಡಾರಲ್ಲಿ ನನಗೇ ಸಮಾಧಾನ ಮಾಡಿದ್ದಳು. ಈಗ ನಾಯಿಗೆ ಅತ್ತಳು, ದಿಂಬು ಕಚ್ಚಿಕೊಂಡು.

"ಅವನಿಗೆ ಕೊಡಬಾರದು ಅಂತ ಗೊತ್ತಿತ್ತು ಕಣೋ. ಒಂದು ಚೂರು, ಒಂದು ಚೂರು ಅಂತ ಶುರು ಮಾಡಿದೆ. ಅವನು ಬೇಡ ಅನ್ನಲಿಲ್ಲ."

"ನೀನಾದರೂ ತಿನ್ನಬಹುದಿತ್ತಲ್ಲ ಅಕ್ಕಾ. ಬದುಕೋಕೆ."

"ಮೊದಲ ತುತ್ತು ಹೋಗುತ್ತೆ. ಎರಡನೇದು ಇಲ್ಲೇ ನಿಲ್ಲುತ್ತೆ." ಎದೆ ಮುಟ್ಟಿ ತೋರಿಸಿದಳು. "ಬಲವಂತ ಮಾಡಿದರೆ ಎಲ್ಲ ವಾಪಸ್ಸು. ಆಗ ನೀನು ಬಾಗಿಲ ಹತ್ರ ಟವೆಲ್ ಹಿಡ್ಕೊಂಡು ನಿಂತಿರ್ತೀಯ. ಆ ಮುಖ ನನ್ನ ಕೈಲಿ ನೋಡೋಕಾಗಲ್ಲ."

"ಹೇಳಬಹುದಿತ್ತು."

"ಹೇಳಿದೆನಲ್ಲೋ. ಬೇಡ ಅಂದಷ್ಟೂ ಬೆಣ್ಣೆ ಜಾಸ್ತಿ ಹಾಕ್ತಾ ಹೋದೆ ನೀನು."

ಅವಳ ದಿಂಬು ಸರಿ ಮಾಡಿದೆ.

ಒರಗಿಕೊಂಡು ಅಂದಳು — "ತಟ್ಟೆ ಖಾಲಿ ಇದ್ದ ದಿನ ನೀನು ಶಿಳ್ಳೆ ಹಾಕ್ತಾ ಪಾತ್ರೆ ತೊಳೀತಿದ್ದೆ. ಇಲ್ಲಿಗೆ ಕೇಳಿಸೋದು. ಚೆನ್ನಾಗಿರ್ತಿತ್ತು."

ನಾನು ಶಿಳ್ಳೆ ಹಾಕ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ.

ಮಾರ್ಚ್ 10

ಪಾಸ್ ಬಂದ. ಪಕ್ಕೆ ಎಲುಬು ಕಾಣ್ತಿವೆ. ಮುಂಗಾಲಿಗೆ ಬ್ಯಾಂಡೇಜು. ಮೆಟ್ಟಿಲು ಹತ್ತೋಕಾಗಲಿಲ್ಲ, ಹೊತ್ತು ತಂದೆ. ಇನ್ನು ಜಿಡ್ಡೇ ಇಲ್ಲದ ಊಟ, ಜೀವಮಾನ ಪೂರ್ತಿ. ಮತ್ತೆ ಅಂಗಡಿಗೆ ಹೋದೆ. ಕ್ಷಮಿಸಿ ಅಂತ ಹೇಳೋಕೆ ಬಾಯಿ ತೆಗೆದೆ. ಆಕೆ "ನಾಯಿ ಹೇಗಿದೆ?" ಅಂತಷ್ಟೇ ಕೇಳಿದಳು.

ಹೊಸ ಪೊಟ್ಟಣಗಳು. ಅಕ್ಕನಿಗೆ ಈಗ ಕನ್ನಡಕ ಹಾಕಿದರೂ ಅಕ್ಷರ ಕುಣಿಯುತ್ತಂತೆ. ನಾನು ಓದಿದೆ, ಅವಳು ಕಣ್ಣು ಮುಚ್ಚಿ ಕೇಳಿದಳು.

"ಕೊಬ್ಬು ಎಷ್ಟು ಅಂತಿದೆ? ಮೊದಲನೇದಕ್ಕಿಂತ ಅರ್ಧ ಇರಬೇಕು."

"ಅರ್ಧಕ್ಕಿಂತ ಕಮ್ಮಿ."

"ಮೊದಲ ಹೆಸರು?"

"ಟರ್ಕಿ ಕೋಳಿ."

"ದೊಡ್ಡ ಮನುಷ್ಯ ಬಂದ. ಹತ್ತಿಸು."

ಮಾರ್ಚ್ 15

ಮತ್ತೆ ತೂಕ. ಹೇಳೋದೇ ಬೇಡ. ಡಾಕ್ಟರು ಕುರ್ಚಿ ಹತ್ತಿರಕ್ಕೆ ಎಳ್ಕೊಂಡು ಕೂತರು. ಅವರು ಹಾಗೆ ಕೂತಾಗಲೇ ಗೊತ್ತಾಯ್ತು. ಇನ್ನು ಔಷಧಿ ಸುತ್ತು ಇಲ್ಲ. ನೋವಿಗೆ ಮಾತ್ರ ಕೊಡ್ತಾರೆ.

"ತಿಂದಿದ್ದರೆ..." ಅಂದೆ.

"ತಿನ್ನೋಕೆ ಆಗ್ತಿರಲಿಲ್ಲ ಅವರಿಗೆ. ಅದು ಕಾಯಿಲೆ. ನಿಮ್ಮ ಅಡುಗೆ ಅಲ್ಲ, ಅವರ ಹಟ ಅಲ್ಲ."

ಟ್ಯಾಕ್ಸಿಯಲ್ಲಿ ಅಕ್ಕ ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ತಲೆಗೆ ತೂಕವೇ ಇಲ್ಲ.

ಮಾರ್ಚ್ 19

ಇನ್ನು ನಾನು ತಟ್ಟೆ ಇಡಲ್ಲ. ಅವಳು ಕೇಳಿದರೆ ಐಸ್ ಚೂರು. ಒಂದು ಚಮಚ ಹಣ್ಣಿನ ರಸ. ಬೆಳಗ್ಗೆ ಎದ್ದರೆ ಕೈ ಸುಮ್ಮನೆ ಇರಲ್ಲ, ಬ್ರೆಡ್ ಎತ್ಕೊಂಡು ಮತ್ತೆ ಇಡ್ತೀನಿ.

ಪಾಸ್‌ನ ಊಟ ಮಾತ್ರ ಅವಳದೇ ಕೆಲಸ. ನೆನೆಸಿದ ಉಂಡೆ ಬಟ್ಟಲಲ್ಲಿ ಹಾಕಿ ಕೈಗೆ ಕೊಡ್ತೀನಿ. ಒಂದೊಂದೇ ಉಂಡೆ ಮಂಚದ ಅಂಚಿಗೆ ಹಿಡೀತಾಳೆ. ಅವನು ತುಟಿಯಲ್ಲೇ ತಗೋತಾನೆ, ಬೆರಳಿಗೆ ತಾಗದ ಹಾಗೆ. ಅವಳಿಗೂ ಸುಸ್ತು, ಅವನಿಗೂ ಸುಸ್ತು. ಒಂದು ಬಟ್ಟಲು ಮುಗಿಯೋಕೆ ಅರ್ಧ ಬೆಳಗ್ಗೆ ಹೋಗುತ್ತೆ. ಲ್ಯಾಬಿಗೆ ತಡವಾಗಿ ಹೋಗ್ತಿದ್ದೀನಿ. ಓನರ್ ಏನೂ ಅನ್ನಲಿಲ್ಲ.

ಹೆಂಡತಿ ಅಕ್ಕನಿಗೆ ಮೈ ಒರೆಸ್ತಾಳೆ, ಬಟ್ಟೆ ಬದಲಾಯಿಸ್ತಾಳೆ. ಬಾಗಿಲು ಹಾಕ್ಕೊಂಡು ಇಬ್ಬರೂ ಏನೋ ಪಿಸಪಿಸ. ನಾನು ಹೋದರೆ ನಿಲ್ಲುತ್ತೆ. ನನ್ನ ಜೊತೆ ಅವಳ ಮಾತು ಈಗ ಇಷ್ಟೇ — ಹಾಲು ತಂದ್ರಾ, ಬೀಗ ಹಾಕಿದ್ರಾ.

ಮಾರ್ಚ್ 24

ಇವತ್ತು ಅಕ್ಕ ಅಂದಳು, "ಅವಳ ಮೇಲೆ ಕೋಪ ಇಟ್ಕೋಬೇಡ. ಆಣೆ ಹಾಕಿಸಿದ್ದು ನಾನು. ದಿನಾ ಅಡುಗೆಮನೆಗೆ ಹೋಗಿ ಅತ್ತು ಬರ್ತಿದ್ದಳು ಪಾಪ, ನಲ್ಲಿ ಬಿಟ್ಕೊಂಡು."

ಸರಿ ಅಂದೆ. ಅಷ್ಟು ಸುಲಭ ಅಲ್ಲ ಅಕ್ಕಾ.

ಮಾರ್ಚ್ 30

ಅಕ್ಕ ಹೋದಳು. ಬೆಳಗ್ಗೆ.

ಏಪ್ರಿಲ್ 11

ಇಷ್ಟು ದಿನ ಬರೆಯಲಿಲ್ಲ. ಏನು ಬರೀಲಿ.

ಬಸ್ ಡಿಪೋದಿಂದ ತುಂಬ ಜನ ಬಂದಿದ್ದರು. ಯೂನಿಫಾರ್ಮಿನಲ್ಲೇ, ಡ್ಯೂಟಿ ಮಧ್ಯೆ. ಒಬ್ಬ ಮುದುಕ ಡ್ರೈವರ್ ಪಾಸ್‌ನ ಪಕ್ಕ ನೆಲಕ್ಕೆ ಕೂತು ಅವನ ಕಿವಿ ಸವರ್ತಾ ಇದ್ದ. ಆಮೇಲೆ ಎಲ್ಲ ಮುಗೀತು. ಮಂಚ ಮಡಚಿ ಗೋಡೆಗೆ ಒರಗಿಸಿದ್ದೀವಿ.

ಪಾಸ್ ನನ್ನ ಕೈಯಿಂದ ತಿನ್ನಲ್ಲ. ಬಟ್ಟಲಿನಿಂದಲೂ ಇಲ್ಲ. ಮೊನ್ನೆವರೆಗೆ ಒಂದೆರಡು ಉಂಡೆಯಾದರೂ ತಗೋತಿದ್ದ, ಈಗ ನೀರು ಕುಡೀತಾನೆ ಅಷ್ಟೇ. ನಾಯಿ ಡಾಕ್ಟರಿಗೆ ಫೋನ್ ಮಾಡಿದೆ. ಕಾಯಿರಿ, ಆದರೆ ತುಂಬ ಕಾಯಬೇಡಿ ಅಂದರು. ಬಟ್ಟಲು ಅವನ ಮೂತಿ ಹತ್ರ ತಳ್ಳಿದೆ. ತಿನ್ನೋ, ತಿನ್ನೋ ಅಂದೆ. ಮತ್ತೆ ತಳ್ಳಿದೆ. ಎದ್ದು ಬೇರೆ ರೂಮಿಗೆ ಹೋದ.

ಹೆಂಡತಿ ನೋಡ್ತಿದ್ದಳು. "ಬಿಡಿ ರೀ. ತಳ್ಳಬೇಡಿ ಅವನಿಗೆ."

ಬಟ್ಟಲು ಅಲ್ಲೇ ಬಿಟ್ಟು ಎದ್ದೆ.

ಏಪ್ರಿಲ್ 14

ಡ್ರೈಕ್ಲೀನಿಂಗ್ ಅಂಗಡಿಗೆ ಹೊರಡೋ ಮುಂಚೆ ಹೆಂಡತಿ ಹತ್ತು ನಿಮಿಷ ಪಾಸ್ ಪಕ್ಕ ಕೂರ್ತಾಳೆ. ಊಟ ಕೊಡಲ್ಲ, ಮಾತಾಡಲ್ಲ. ಸುಮ್ಮನೆ ಬಟ್ಟೆ ಮಡಿಸ್ತಾ ಕೂರ್ತಾಳೆ. ಬಟ್ಟಲು ಆ ಕಡೆ ಎಲ್ಲೋ.

ಇವತ್ತು ಬಟ್ಟಲಲ್ಲಿ ಸ್ವಲ್ಪ ಕಮ್ಮಿಯಾಗಿತ್ತು. ನಿಜವಾಗಿ ಅವನೇ ತಿಂದನಾ ಅಂತ ಕೇಳೋಕೆ ಹೋಗಿ, ನಾಲಿಗೆ ಕಚ್ಕೊಂಡೆ. ಕೇಳೋದು ಬೇಡ. ನಂಬಬೇಕು.

ಏಪ್ರಿಲ್ 23

ತಿಂತಾನೆ. ಪೂರ್ತಿ ಅಲ್ಲ. ತಿಂತಾನೆ.

ಲ್ಯಾಬಲ್ಲಿ ಇವತ್ತು ಒಬ್ಬ ಹೆಂಗಸಿನ ಸೆಟ್ಟು. ಮೇಲಿನ ದವಡೆ ಅಗಲ. "ಮುಂದಿನ ಹಲ್ಲಿನ ಮಧ್ಯೆ ಸಂದಿ ಬಿಡಿ, ನನಗೆ ಮೊದಲು ಹಾಗೇ ಇತ್ತು" ಅಂತ ಚೀಟಿ ಕಳಿಸಿದ್ದಾಳೆ. ಸಂದಿ ಬಿಟ್ಟೆ. ಅಕ್ಕನಿಗೂ ಇತ್ತು. ಶಿಳ್ಳೆ ಕಲಿಸಿದ್ದು ಅವಳೇ ನನಗೆ, ಆ ಸಂದಿಯಿಂದ. ಮೇಣ ಕರಗಿಸೋ ದೀಪ ಆರಿಸಿ ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ.

ಮೇ 6

ಪಾಸ್‌ನ ಊಟ ಇನ್ನು ಬರಲ್ಲವಂತೆ. ಕಂಪನಿಯವರು ಮಾಡೋದೇ ನಿಲ್ಲಿಸಿದ್ದಾರೆ. ಅಂಗಡಿಯಾಕೆ ಕೈ ಚೆಲ್ಲಿದಳು. "ಬೇರೆ ನೋಡಿ ಸಾರ್, ಒಳ್ಳೇವಿವೆ."

ಗೋಡೆ ಮುಂದೆ ನಿಂತೆ. ಒಂದು ಚೀಲ ತಿರುಗಿಸಿದೆ. ಓದಿದೆ. ಇನ್ನೊಂದು. ಅಕ್ಷರ ಎಲ್ಲ ತಿಳಿಯುತ್ತೆ, ಇದಾ ಅದಾ ಅಂತ ಮಾತ್ರ ಗೊತ್ತಾಗಲ್ಲ. ಹಿಂದೆ ಜನ ಕಾಯ್ತಿದ್ದರು. ಬರಿಗೈಲಿ ಆಚೆ ಬಂದೆ. ಬಾಗಿಲವರೆಗೂ ಬಂದು ಆಕೆ ನಾಲ್ಕು ಸ್ಯಾಂಪಲ್ ನನ್ನ ಜೇಬಿಗೆ ತುರುಕಿದಳು.

ಮನೇಲಿ ಮೇಜಿನ ಮೇಲೆ ಇಟ್ಟೆ. ಹೆಂಡತಿ ಕೈ ಒರೆಸ್ಕೊಂಡು ಬಂದಳು.

"ಏನದು?"

"ಇವನ ಊಟ. ಹಳೇದು ನಿಂತುಹೋಯ್ತಂತೆ. ಯಾವುದು ಅಂತ ನನಗೆ ಆರಿಸೋಕೆ ಆಗ್ತಿಲ್ಲ."

ಎಷ್ಟು ದಿನವಾಗಿತ್ತೋ ನಾನು ಅವಳಿಗೆ ಇಷ್ಟುದ್ದದ ಮಾತು ಹೇಳಿ. ಅದಕ್ಕೇ ಇನ್ನೊಂದೂ ಹೇಳಿಬಿಟ್ಟೆ. "ಆ ದಿನ ಮೆಟ್ಟಿಲ ಮೇಲೆ ಅಂದೆನಲ್ಲ... ಅನ್ನಬಾರದಿತ್ತು. ಅವಳ ಜೊತೆ ದಿನವಿಡೀ ಇದ್ದೋಳು ನೀನು."

ಅವಳು ಪೊಟ್ಟಣಗಳನ್ನೇ ನೋಡ್ತಾ ನಿಂತಳು. "ಅತ್ತಿಗೆಗೆ ಒಂದು ಸಲ ನಾನೇ ಅಂದಿದ್ದೆ ರೀ — ಹೇಳಿಬಿಡೋಣ ಅಂತ. ಅವರು ನಾಳೆ, ನಾಳೆ ಅಂದ್ರು. ನಾನೂ ನಾಳೆ ಅಂತ ಬಿಟ್ಟೆ." ಆಮೇಲೆ, "ಕೊಡಿ ಇಲ್ಲಿ. ನಾನು ಓದ್ತೀನಿ. ನೀವು ಹೋಗಿ ಮುಖ ತೊಳೀರಿ."

ಮುಖ ತೊಳೆದು ಈ ಕೋಣೆಗೆ ಬಂದು ಬರೀತಾ ಕೂತಿದ್ದೀನಿ. ಆಚೆ ಅವಳ ದನಿ. ಗಟ್ಟಿಯಾಗಿ ಓದ್ತಿದ್ದಾಳೆ, ಶಾಲೆ ಮಕ್ಕಳ ಥರ ತಡೆದು ತಡೆದು. ಯಾರಿಗೆ ಓದ್ತಿದ್ದಾಳೋ, ಪಾಸ್‌ಗೇ ಇರಬೇಕು. "ಕುರಿ... ಅಕ್ಕಿ... ಇದೇನಪ್ಪ ಇದು..."

ಕರೀತಿದ್ದಾಳೆ. ಯಾವುದೋ ಪದ ಗೊತ್ತಾಗ್ತಿಲ್ಲವಂತೆ. ಹೋಗಿ ನೋಡಿ ಬರ್ತೀನಿ.